ಜಮಾ ಆಗಿದೆ

ಬೆಳಿಗ್ಗೆ ಆರಕ್ಕೆ ಡೇರಿ ಬಾಗಿಲು ತೆಗೆಯುತ್ತೇನೆ.
ಜಾವಗಲ್ಲಿನಿಂದ ಮೂರು ಮೈಲಿ ಈಚೆಗೆ ನಮ್ಮೂರು,
ನೂರ ಹನ್ನೆರಡು ಸದಸ್ಯರು, ಒಂದು ಯಂತ್ರ, ಒಬ್ಬ ಕಾರ್ಯದರ್ಶಿ.
ಹಾಲಿಗೆ ಸೊಸೈಟಿ ಕೊಡುವುದು ಒಂದು ದುಡ್ಡು,
ಅದರ ಮೇಲೆ ಸರ್ಕಾರದ್ದು ಲೀಟರಿಗೆ ಐದು.
ಕಾಗದದಲ್ಲಿ ಅದರ ಹೆಸರು ಪ್ರೋತ್ಸಾಹಧನ;
ಅಷ್ಟೊಂದು ಒತ್ತಕ್ಷರ ಯಾರ ಬಾಯಲ್ಲೂ ನಿಲ್ಲುವುದಿಲ್ಲ.
‘ಐದು ಬಂತಾ?’ ಅನ್ನುತ್ತಾರೆ, ಅಷ್ಟೆ.

ಬಂದ ದಿನ ಗೊತ್ತಾಗಿಬಿಡುತ್ತದೆ.
ಕ್ಯಾನು ಹಿಡಿದು ನಿಂತ ಸಾಲಿನಲ್ಲಿ
ಸೊಂಟದ ಚೀಲದೊಳಗೆ, ಅಂಗಿಯ ಜೇಬಿನೊಳಗೆ
ಹುರಿಗಡಲೆ ಸಿಡಿದ ಹಾಗೆ ಫೋನುಗಳ ಸದ್ದು.
ದೇವೀರಮ್ಮನದು ಮಾತ್ರ ತೆಪ್ಪಗಿರುತ್ತದೆ.

ಒಂದು ತಿಂಗಳಲ್ಲ, ಹದಿನಾಲ್ಕು.
ನಾನು ಕಂಪ್ಯೂಟರಿನ ಮುಖ ಅವಳತ್ತ ತಿರುಗಿಸಿ ತೋರಿಸಿದೆ:
ಜಮಾ ಆಗಿದೆ.
‘ಯಾರ್ಗೆ?’ ಅಂದಳು.

ಆ ವರ್ಷ ನಾನು ಬಚ್ಚಲಿಗೆ ಟೈಲ್ಸ್ ಹಾಕಿಸಿದ್ದೇ ತಪ್ಪಾಯಿತು.
ಬೋರಲಿಂಗಪ್ಪನ ಹೋಟೆಲಿನಲ್ಲಿ ಟೀ ಲೋಟ ಇಟ್ಟವರು
‘ಹೆಂಗೈತೆ ಸ್ವಾಮಿ, ಹಾಲಿನ ಸ್ನಾನ?’ ಅಂದರು.
ಅವಳು ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.
ದಿನಾ ಹಾಲು ಸುರಿಯುತ್ತಾಳೆ,
ಯಂತ್ರದ ಮೇಲೆ ಬಗ್ಗಿ ಫ್ಯಾಟು, ಡಿಗ್ರಿ, ತೂಕ
ಮೂರನ್ನೂ ಬಾಯೊಳಗೇ ಓದಿಕೊಳ್ಳುತ್ತಾಳೆ,
ಆಮೇಲೆ ನನ್ನ ಕೈ ನೋಡುತ್ತಾಳೆ. ಮುಖ ನೋಡುವುದಿಲ್ಲ.

ಕೊನೆಗೊಂದು ಸೋಮವಾರ, ಹಸುವಿಗೆ ಹಿಂಡಿ ಇಟ್ಟು ಬಂದವಳನ್ನು
ಬ್ಯಾಂಕಿಗೆ ಕರೆದುಕೊಂಡು ಹೋದೆ.
ಅಲ್ಲಿನ ಹುಡುಗ ಆಧಾರಿನ ನಂಬರು ಕುಟ್ಟಿ
‘ನಿಮ್ದು ಇಲ್ಲಿಗೆ ಲಿಂಕೇ ಇಲ್ಲ’ ಎಂದು
ಬೇರೊಂದು ಬ್ಯಾಂಕಿನ ಹೆಸರು ಹೇಳಿದ.
ಅವಳು ಕೌಂಟರಿನ ಗಾಜಿಗೆ ಹಣೆ ತಾಗಿಸಿ ನಿಂತಳು, ಸ್ವಲ್ಪ ಹೊತ್ತು.

ಸಖರಾಯಪಟ್ಟಣ.
ಎರಡನೆಯ ಮಗಳ ಬಾಣಂತನ.
ಹೆರಿಗೆ ದುಡ್ಡು ಬರುತ್ತದೆಂದು ಅಂಗನವಾಡಿಯವಳು
ಹಸಿಮೈಯವಳ ಹೆಬ್ಬೆಟ್ಟು ಒತ್ತಿಸಿ ಮಾಡಿಸಿದ ಖಾತೆ.
ಪಾಸ್‌ಬುಕ್ಕು ಅವ್ವನ ಟ್ರಂಕಿನಲ್ಲಿ, ಕುಲಾವಿಯ ಕೆಳಗೆ.
ಆ ಮಗು ಈಗ ಆರನೇ ಕ್ಲಾಸು.

ಅಂದರೆ ಹದಿನಾಲ್ಕು ತಿಂಗಳು
ಇಲ್ಲಿ ಕರೆದ ಹಾಲಿನ ದುಡ್ಡು
ಯಾರನ್ನೂ ಕೇಳದೆ, ಜಿಲ್ಲೆಯ ಗಡಿ ದಾಟಿ
ತವರಿಗೆ ಹೋಗಿ ಕೂತಿದೆ.

ಸೊನ್ನೆ ರೂಪಾಯಿಯ ಟಿಕೇಟಿನಲ್ಲಿ ಒಬ್ಬಳೇ ಹೋಗಿಬಂದಳು.
ಸಂಜೆ ಹಾಲಿನ ಹೊತ್ತಿಗೆ ಮೊದಲೇ ಬಂದು
ಸೆರಗಿನಿಂದ ಪಾಸ್‌ಬುಕ್ಕು ತೆಗೆದಳು: ಹದಿನಾರು ಸಾವಿರದ ಇನ್ನೂರು ಚಿಲ್ಲರೆ.
ನನಗೋ ಉಸಿರು ಬಂತು.
‘ಅರ್ಜಿ ಬರೀತೀನಿ, ಇಲ್ಲಿನ ಖಾತೆಗೇ ಬೀಳೋ ಹಂಗೆ.
ಬೆಳಿಗ್ಗೆ ಸಾಲಲ್ಲಿ ಎಲ್ಲರ ಮುಂದೆ ನೀನೇ ಒಂದ್ಮಾತು ಹೇಳ್ಬಿಡವ್ವ.’

ಅವಳು ಪೆನ್ನಿನ ಮೇಲೆ ಕೈ ಇಟ್ಟಳು.
‘ಅಣ್ಣದೀರು ನನ್ ಸೈನು ಹಾಕುಸ್ಕಂಡ್ರು, ಹಕ್ಕಿಲ್ಲ ಅಂತ.
ಅರಿಶಿನ ಕುಂಕುಮ ಕೊಟ್ರು, ರವಿಕೆ ಕಣ ಕೊಟ್ರು.
ಆ ಊರಲ್ಲಿ ನನ್ನೆಸ್ರಿಗೆ ಅಂತ
ಈಗ ಇದೊಂದೈತೆ.
ಅಲ್ಲೇ ಇರ್ಲಿ ಬಿಡಿ.’
ಆಮೇಲೆ, ಕ್ಯಾನಿನ ಮುಚ್ಚಳ ತಿರುಗಿಸುತ್ತಾ,
‘ನಮ್ಮನೆಯವ್ರಿಗೂ ಹೇಳ್ಬ್ಯಾಡಿ.’

ಹೇಳಿಲ್ಲ.
ಊರ ಬಾಯಲ್ಲಿ ನಾನು ಇನ್ನೂ ಹಾಲಿನಲ್ಲೇ ಮೀಯುವವನು.
ಟೀ ಕುಡಿಯುವುದನ್ನು ಮನೆಗೆ ಬದಲಾಯಿಸಿಕೊಂಡಿದ್ದೇನೆ,
ಹೆಂಡತಿಗೆ ಗ್ಯಾಸ್ ಖರ್ಚಿನ ಸಿಟ್ಟು.

ಮಾರನೆಯ ದಿನ ಬೆಳಿಗ್ಗೆ ದೇವೀರಮ್ಮ ಬಂದಳು.
ನಾಲ್ಕೂವರೆ ಲೀಟರು ಸುರಿದಳು,
ಯಂತ್ರ ಕೆಂಪಗೆ ಅಂಕಿ ಬರೆಯುವ ಮೊದಲೇ
ಖಾಲಿ ಕ್ಯಾನು ತೂಗಾಡಿಸುತ್ತ
ತಿರುಗಿ ನೋಡದೆ ಹೊರಟುಹೋದಳು.